ನೇರಳೆ ಅಳಿಸುವ ಕಲೆ

ನೇರಳೆ ಹಣ್ಣಿನ ಕಲೆ ಬಿಳಿ ಅಂಗಿಗೆ ಬಿದ್ದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಬೆಂಗಳೂರಿನ ಮಾಸ್ಟರ್ ಪ್ಲಾನ್ ನಕ್ಷೆಗೆ ಬಿದ್ದ ನೇರಳೆ ಮಾತ್ರ ಒಂದು ಸಹಿಗೆ ಹೋಗಿಬಿಡುತ್ತದೆ. ಅಲ್ಲಿತ್ತು ಅನ್ನುವ ಗುರುತೂ ಉಳಿಯುವುದಿಲ್ಲ. ನಕ್ಷೆ ಓದಿ ಅಭ್ಯಾಸವಿಲ್ಲದವರಿಗಾಗಿ ಹೇಳುತ್ತೇನೆ: ಹಳದಿ ಎಂದರೆ ಮನೆ, ನೀಲಿ ಎಂದರೆ ಅಂಗಡಿ-ಆಫೀಸು, ಹಸಿರು ಎಂದರೆ ಪಾರ್ಕು ಮತ್ತು ಹೊಲ, ನೇರಳೆ ಎಂದರೆ ಕಾರ್ಖಾನೆ. ಈ ನಾಲ್ಕರಲ್ಲಿ ಶುದ್ಧ ದಡ್ಡ ಬಣ್ಣ ಯಾವುದು ಎಂದು ಯಾವ ಬಿಲ್ಡರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಕಣ್ಣು ಬಿಡದೆಯೇ ನೇರಳೆ ಅನ್ನುತ್ತಾನೆ. ಹಳದಿ ಜಾಗದ ಮೇಲೆ ಮಹಡಿಯ ಮೇಲೆ ಮಹಡಿ ಏಳುತ್ತದೆ, ಪ್ರತಿ ಮಹಡಿಗೂ ಚದರಡಿ ಲೆಕ್ಕದಲ್ಲಿ ದುಡ್ಡು. ನೇರಳೆ ಜಾಗದ ಮೇಲೆ ಏಳುವುದು ಶೀಟು ಹೊದಿಸಿದ ಒಂದು ಶೆಡ್ಡು, ಅದರೊಳಗೆ ಎಣ್ಣೆ ಮೆತ್ತಿದ ಲೇತು, ಲೇತಿನ ಮುಂದೆ ಎಣ್ಣೆ ಮೆತ್ತಿದ ಮನುಷ್ಯ. ಇಂಥದ್ದಕ್ಕೆ ಬ್ರೋಷರ್ ಮಾಡಿಸುವುದಾದರೂ ಹೇಗೆ?

ಹಾಗಾಗಿ ನಮ್ಮ ನಗರ ಕೆಲವು ದಶಕಗಳಿಂದ ನಿಷ್ಠೆಯಿಂದ ನೇರಳೆ ಅಳಿಸುವ ಕಾಯಕದಲ್ಲಿ ತೊಡಗಿದೆ. ಸಾಧನೆ ನೋಡಬೇಕೆಂದರೆ ಮೆಟ್ರೋದ ಹಸಿರು ಮಾರ್ಗದಲ್ಲಿ ಒಂದು ಟಿಕೆಟ್ ತೆಗೆಸಿದರೆ ಸಾಕು. ಸಂಪಿಗೆ ರಸ್ತೆಯ ನಿಲ್ದಾಣಕ್ಕೆ ಮಂತ್ರಿ ಸ್ಕ್ವೇರ್ ಮಾಲಿನ ಹೆಸರಿದೆ. ಮಾಲ್ ನಿಂತಿರುವುದು ರಾಜಾ ಮಿಲ್ಸ್ ಇದ್ದ ಜಾಗದಲ್ಲಿ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಒರಾಯನ್ ಮಾಲ್, ವರ್ಲ್ಡ್ ಟ್ರೇಡ್ ಸೆಂಟರ್. ಸುಮಾರು 40 ಎಕರೆಯ ಆ ಜಾಗ ಹಿಂದೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯದಾಗಿತ್ತು. ಮೋಟಾರು ಮಾಡುತ್ತಿದ್ದ ಕಂಪನಿ ಅದು. ಮೋಟಾರು ಈಗಲೂ ಅಲ್ಲಿದೆ, ಎಸ್ಕಲೇಟರಿನ ಹೊಟ್ಟೆಯಲ್ಲಿ. ಇನ್ನೂ ಮುಂದೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ. ಇಲ್ಲಿ ಮಾತ್ರ ಯೋಜನೆಗೆ ಎಲ್ಲೋ ಲೋಪವಾಗಿದೆ: ಆ ಕಾರ್ಖಾನೆಯಲ್ಲಿ ಇವತ್ತಿಗೂ ಸೋಪೇ ತಯಾರಾಗುತ್ತಿದೆ, ಅದೂ ಸರ್ಕಾರಿ ಕಂಪನಿ, ಅದೂ ಲಾಭದಲ್ಲಿ. ಸಂಬಂಧಪಟ್ಟವರ ಗಮನಕ್ಕೆ ಇನ್ನೂ ಬಂದಿಲ್ಲವೆಂದು ಕಾಣುತ್ತದೆ.

ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿ ಎದ್ದಿರುವುದು ಬಿಯರ್ ಕಾರ್ಖಾನೆಯ ಜಾಗದಲ್ಲಿ. ಅಲ್ಲಿ ಕನಿಷ್ಠ ಪಾನೀಯದ ಪರಂಪರೆಯಾದರೂ ಮುಂದುವರಿದಿದೆ, ಗ್ಲಾಸಿನ ಬೆಲೆ ಬದಲಾಗಿದೆ ಅಷ್ಟೆ. ಬಿನ್ನಿಪೇಟೆಯಲ್ಲಿ ಪೇಟೆಯ ಹೆಸರು ಉಳಿದು ಮಿಲ್ ಹೋಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಸೋಜಿಗ ಮಾಗಡಿ ರಸ್ತೆಯ ಮಿನರ್ವ ಮಿಲ್ಸಿನದು. ಕಾನೂನು ಓದಿದವರಿಗೆಲ್ಲ ಆ ಹೆಸರು ಬಾಯಿಪಾಠ. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತೂ ಕೈ ಹಾಕುವಂತಿಲ್ಲ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಗಟ್ಟಿಮಾಡಿದ್ದು ಇದೇ ಮಿಲ್ಲಿನ ಮೊಕದ್ದಮೆಯಲ್ಲಿ. ದೇಶದ ಮೂಲ ಸ್ವರೂಪ ಉಳಿಸಿಕೊಟ್ಟ ಮಿಲ್ಲಿಗೆ ತನ್ನ ಮೂಲ ಸ್ವರೂಪ ಉಳಿಸಿಕೊಳ್ಳಲು ಆಗಲಿಲ್ಲ. ಪಾರ್ಲಿಮೆಂಟಿಗೆ ಹೆದರದವರು ಕೂಡ ಚದರಡಿಗೆ ಹೆದರಬೇಕಾಗುತ್ತದೆ.

ಕೆಡವಲು ಮನಸ್ಸು ಬಾರದ ಕಡೆ ನಾವು ಮ್ಯೂಸಿಯಂ ಮಾಡುತ್ತೇವೆ. ಎಚ್‌ಎಂಟಿ ಕೈಗಡಿಯಾರಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ಬಾಗಿಲು ಹಾಕಿತು; ಈಗ ಜಾಲಹಳ್ಳಿಯಲ್ಲಿ ಅದರ ಚೆಂದದ ಸಂಗ್ರಹಾಲಯವಿದೆ. ಬಲ್ಬು ಮಾಡುತ್ತಿದ್ದ ಮೈಸೂರು ಲ್ಯಾಂಪ್ಸ್ ಆವರಣದಲ್ಲಿ ಬೆಂಗಳೂರಿನ ಅನುಭವ ಮಾಡಿಸುವ ಕೇಂದ್ರ ಮಾಡುತ್ತೇವೆಂದು ಘೋಷಣೆಯಾಗಿದೆ. ಒಂದು ಕಾಲದಲ್ಲಿ ಬೆಂಗಳೂರಿನ ಅನುಭವ ಪಡೆಯಲು ಬೆಳಿಗ್ಗೆ ಸೈರನ್ನಿಗೆ ಸರಿಯಾಗಿ ಗೇಟಿನಲ್ಲಿ ನಿಂತರೆ ಸಾಕಿತ್ತು, ಮೇಲಾಗಿ ಸಂಬಳವನ್ನೂ ಕೊಡುತ್ತಿದ್ದರು. ಇನ್ನು ಮುಂದೆ ಟಿಕೆಟ್ ಕೊಳ್ಳಬೇಕಾದೀತು.

ಉಳಿದಿರುವ ದೊಡ್ಡ ನೇರಳೆ ಎಂದರೆ ಪೀಣ್ಯ. ಅದರ ಹೆಸರೆತ್ತಿದರೆ ಮೂಗು ಮುರಿಯುವವರಿಗೆ ಒಂದು ವಿಷಯ ನೆನಪಿಸಬೇಕು. ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರು 1970ರ ದಶಕದ ಆರಂಭದಲ್ಲಿ ಶೀಟಿನ ಮಾಡಿನ ಕೆಲವು ಶೆಡ್ಡು ಹಿಡಿದು, ಎಳೆಯ ಎಂಜಿನಿಯರುಗಳನ್ನು ಕಟ್ಟಿಕೊಂಡು ಕೆಲಸ ಶುರುಮಾಡಿದರು. 1975ರ ಏಪ್ರಿಲ್ 19ರಂದು ಆರ್ಯಭಟ ಸೋವಿಯತ್ ರಾಕೆಟ್ ಏರಿ ಹೋಯಿತು, ಆಮೇಲೆ ಎರಡು ರೂಪಾಯಿ ನೋಟಿನ ಹಿಂಬದಿಗೂ ಬಂತು. ಆ ಶೆಡ್ಡಿನಲ್ಲಿ ಆ ಕೆಲಸ ಇವತ್ತು ನಡೆಯುತ್ತಿದ್ದು, ಎದುರಿಗೊಂದು ಇಪ್ಪತ್ತು ಮಹಡಿ ಅಪಾರ್ಟ್‌ಮೆಂಟ್ ಎದ್ದಿದ್ದರೆ ಅಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಏನಾಗುತ್ತಿತ್ತು ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಬಿ-1204: "ರಾತ್ರಿ ಹನ್ನೊಂದಾದ್ರೂ ಎದುರುಗಡೆ ಶೆಡ್ಡಲ್ಲಿ ಲೈಟ್ ಉರೀತಿದೆ. ಗುಂಯ್ ಅಂತ ಸದ್ದು ಬೇರೆ. ಯಾರಾದ್ರೂ ಹೋಗಿ ಕೇಳ್ರಪ್ಪ."

ಎ-703: "ಕೇಳಿದೆ ಸಾರ್. ಉಪಗ್ರಹ ಮಾಡ್ತಿದೀವಿ ಅಂದ್ರು."

ಬಿ-1204: "ಮಾಡ್ಲಿ, ಯಾರು ಬೇಡ ಅಂದ್ರು? ಹಗಲು ಹೊತ್ತು ಮಾಡ್ಲಿ."

ಸಿ-1801: "ಮನೆಗಳಿರೋ ಜಾಗದಲ್ಲಿ ಉಪಗ್ರಹಕ್ಕೆ ಪರ್ಮಿಷನ್ ಹೆಂಗೆ ಸಿಕ್ತು? ಮಾಲಿನ್ಯ ಮಂಡಳಿಗೆ ಒಂದು ಕಂಪ್ಲೇಂಟ್ ಹಾಕೋಣ."

ಕಾರ್ಯದರ್ಶಿ: "ಆಗ್ಲೇ ಹಾಕಿದೀನಿ ಮೇಡಂ. ಅವರನ್ನ ಊರಾಚೆ ಕಳಿಸ್ತಾರಂತೆ. ಆ ಜಾಗದಲ್ಲಿ ನಮ್ಮ ಬಿಲ್ಡರೇ ಫೇಸ್ ಟೂ ಮಾಡ್ತಿದಾರೆ. ಹೆಸರೂ ಇಟ್ಟಾಯ್ತು, ಆರ್ಯಭಟ ಎನ್‌ಕ್ಲೇವ್."

ಶೆಡ್ಡು ಮೊದಲು ಬಂತೋ ಫ್ಲ್ಯಾಟು ಮೊದಲು ಬಂತೋ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ಕಡೆಗೆ ಬಂದವರ ಕಿವಿಯೇ ಕಾನೂನು.

ಸದ್ದು ಮಾಡುವ ಆ ಶೆಡ್ಡುಗಳೊಳಗೆ ನಡೆಯುವುದೇನು ಎಂಬುದನ್ನೂ ಒಮ್ಮೆ ನೋಡೋಣ. ಒಂದು ಪಂಪಿನ ಶಾಫ್ಟ್ ತೆಗೆದುಕೊಳ್ಳಿ. ಕಬ್ಬಿಣದ ಅಂಗಡಿಯಿಂದ ರಾಡು ಬಂದು ಒಂದು ಶೆಡ್ಡಿನಲ್ಲಿ ಟರ್ನಿಂಗ್ ಆಗುತ್ತದೆ. ಪಕ್ಕದ ಕ್ರಾಸಿನಲ್ಲಿ ಕೀವೇ ಕೊರೆಯುತ್ತಾರೆ. ಅಲ್ಲಿಂದ ಲಗೇಜ್ ಆಟೊ ಹತ್ತಿ ಹೀಟ್ ಟ್ರೀಟ್‌ಮೆಂಟಿಗೆ ಹೋಗುತ್ತದೆ, ಕುಲುಮೆಯಲ್ಲಿ ಬೆಂದು ಎಣ್ಣೆಯಲ್ಲಿ ಮುಳುಗಿ ಗಟ್ಟಿಯಾಗಿ ಬರುತ್ತದೆ. ಬಂದದ್ದು ಸ್ವಲ್ಪ ಸೊಟ್ಟಗಾಗಿರುತ್ತದೆ. ಅದನ್ನು ನೆಟ್ಟಗೆ ಮಾಡುವವನು ಇನ್ನೊಬ್ಬ. ಆಮೇಲೆ ಗ್ರೈಂಡಿಂಗ್, ಆಮೇಲೆ ಹಾರ್ಡ್ ಕ್ರೋಮ್ ಪ್ಲೇಟಿಂಗ್. "ಹತ್ತು ಮೈಕ್ರಾನ್ ಓವರ್ ಸೈಜ್ ಬಂದಿದೆ ಸಾರ್" ಎಂದು ಹುಡುಗ ಬಂದು ನಿಂತರೆ, ಮಾಲೀಕರು ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾವೇ ಸ್ಕೂಟರಿನಲ್ಲಿ ಗ್ರೈಂಡಿಂಗಿನವರ ಹತ್ತಿರ ಹೋಗುತ್ತಾರೆ. ಟೀ ಆರುವುದರೊಳಗೆ ಸರಿಯಾಗಿ ಬರುತ್ತದೆ. ಇಷ್ಟೂ ಯಂತ್ರಗಳು ಯಾವ ಒಬ್ಬರ ಹತ್ತಿರವೂ ಇಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ನಾಲ್ಕು ಕ್ರಾಸು ಸೇರಿದರೆ ಒಂದು ಕಾರ್ಖಾನೆ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಯಂತ್ರದ ಬೆಲೆ ಬರೆಯಲು ಜಾಗವಿದೆ, ನೆರೆಯವರ ಬೆಲೆ ಬರೆಯಲು ಇಲ್ಲ.

ಇಂಥವರಿಗೆ ನಾವು ಕೊಡುವ ಸಲಹೆ: "ಸ್ವಲ್ಪ ಹೊರಗೆ ಹೋಗಿ, ತುಮಕೂರಿನ ಆಚೆ ವಸಂತನರಸಾಪುರ ಇದೆಯಲ್ಲ, ವಿಶಾಲವಾಗಿದೆ." ನಿಜ, ವಿಶಾಲವಾಗಿಯೇ ಇದೆ. ದೊಡ್ಡ ಕಂಪನಿ ತನ್ನ ಎಲ್ಲವನ್ನೂ ಹೊತ್ತುಕೊಂಡು ಅಲ್ಲಿಗೆ ಹೋಗಬಲ್ಲದು. ಎಂಟು ಜನ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು ಲೇತನ್ನು ಲಾರಿಗೆ ಹೇರಬಹುದು. ಗ್ರೈಂಡಿಂಗಿನವನನ್ನು, ಪ್ಲೇಟಿಂಗಿನವನನ್ನು, ಸಾಲ ಕೊಡುವ ಕಬ್ಬಿಣದ ಅಂಗಡಿಯವನನ್ನು ಹೇರಲಾಗದು. ಹತ್ತು ಮೈಕ್ರಾನ್ ಸರಿಮಾಡಿಸಲು ಅಲ್ಲಿಂದ ಪೀಣ್ಯಕ್ಕೆ ಬಂದುಹೋಗುವಷ್ಟರಲ್ಲಿ ಆ ದಿನ ಮುಗಿದಿರುತ್ತದೆ.

ಇನ್ನು ನೇರಳೆ ಅಳಿಸುವ ವಿಧಾನ. ಇದಕ್ಕೊಂದು ಶಾಸ್ತ್ರವೇ ಇದೆ, ದುಡುಕಿದರೆ ಕೆಡುತ್ತದೆ. ಮೊದಲು ರಸ್ತೆಯನ್ನು ಅದರ ಪಾಡಿಗೆ ಬಿಡಬೇಕು. ಮಳೆಗಾಲದಲ್ಲಿ ಹೊಂಡದಲ್ಲಿ ಲಾರಿ ಕೂತರೆ ಎತ್ತುವ ಕೆಲಸ ಲಾರಿಯವನದು, ತೆರಿಗೆ ಎತ್ತುವ ಕೆಲಸ ಮಾತ್ರ ನಮ್ಮದು. ಚರಂಡಿ ಕಟ್ಟಿಕೊಂಡರೆ ಪತ್ರ ಬರೆಯಿರಿ ಎನ್ನಬೇಕು. ಪತ್ರ ಬರೆದರೆ ಇದು ಪಾಲಿಕೆಗೆ ಸೇರಿದ್ದೋ ಕೈಗಾರಿಕಾ ಮಂಡಳಿಗೆ ಸೇರಿದ್ದೋ ನೋಡಿ ಹೇಳುತ್ತೇವೆ ಎನ್ನಬೇಕು. ಅಂಚಿನ ಸೈಟುಗಳಲ್ಲಿ ಮೊದಲು ಒಂದು ಕಲ್ಯಾಣ ಮಂಟಪ, ಆಮೇಲೆ ಒಂದು ಕಾರ್ ಶೋರೂಮು, ಆಮೇಲೆ ಒಂದು ಪಿಜಿ ಬಿಡಬೇಕು. ಇದಾದ ಮೇಲೆ ಒಂದು ಸಂಜೆ ಬಿಳಿ ಕಾರಿನಲ್ಲಿ ಒಬ್ಬ ಸಜ್ಜನ ಬಂದು ಶೆಡ್ಡಿನ ಮುಂದೆ ನಿಂತು ಮಾಲೀಕರನ್ನು ಕೇಳುತ್ತಾನೆ: "ಯಜಮಾನ್ರೇ, ನಿಮ್ಮ ಜಾಗದ ಬೆಲೆ ಎಷ್ಟಾಗಿದೆ ಗೊತ್ತಾ? ಈ ವಯಸ್ಸಲ್ಲಿ ಯಾಕೆ ಈ ಕಷ್ಟ?"

ಯಜಮಾನರನ್ನು ದೂರುವಂತಿಲ್ಲ. ಮೂವತ್ತು ವರ್ಷ ಲೇತಿನ ಮುಂದೆ ದುಡಿದು ಗಳಿಸಿದ್ದು ಒಂದು ಬೆಳಗಿನ ರಿಜಿಸ್ಟ್ರೇಷನ್ನಿನಲ್ಲಿ ಬರುವುದಾದರೆ ಯಾರಿಗೆ ಬೇಡ? ಗಮನಿಸಬೇಕಾದದ್ದು ಆ ಬೆಲೆ ಎಲ್ಲಿಂದ ಬಂತು ಎಂಬುದನ್ನು. ಶೆಡ್ಡು ಹಾಕಿ ದುಡಿಯುವವನು ಆ ಜಾಗಕ್ಕೆ ಅಷ್ಟು ಕೊಡಲಾರ. ಕೊಟ್ಟರೆ ಅವನ ಶಾಫ್ಟನ್ನು ಯಾರೂ ಕೊಳ್ಳುವುದಿಲ್ಲ. ಅಷ್ಟು ಕೊಡುವವನು ಜಾಗದ ಬೆಲೆ ಕೊಡುತ್ತಿಲ್ಲ, ಬಣ್ಣ ಬದಲಾಗುತ್ತದೆ ಎಂಬ ಭರವಸೆಯ ಬೆಲೆ ಕೊಡುತ್ತಿದ್ದಾನೆ. ಒಂದು ಕಡತ ಪಾಸಾದರೆ ಸಾಕು, ಸುತ್ತ ನಾಲ್ಕು ಬೀದಿಯ ಶೆಡ್ಡುಗಳ ಬಾಡಿಗೆ ಏರುತ್ತದೆ. ಬಾಡಿಗೆ ಏರಿದ ಮೇಲೆ ಕಾರ್ಖಾನೆ ಗಿಟ್ಟುವುದಿಲ್ಲ, ಗಿಟ್ಟದ ಕಾರ್ಖಾನೆ ಮುಚ್ಚುತ್ತದೆ. ಆಗ ತಜ್ಞರು ಬಂದು ಗಂಭೀರವಾಗಿ ಹೇಳುತ್ತಾರೆ: "ನೋಡಿದಿರಾ, ಇಲ್ಲಿ ಕೈಗಾರಿಕೆಗೆ ಬೇಡಿಕೆಯೇ ಇಲ್ಲ. ಭೂ ಉಪಯೋಗ ಬದಲಾಯಿಸುವುದು ಸೂಕ್ತ."

ಬದಲಾಯಿಸಲು ಕಾನೂನೂ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು. ಪತ್ರಿಕೆಯ ಒಳಪುಟದಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಪಕ್ಕದಲ್ಲಿ, ಭೂತಗನ್ನಡಿಗೂ ದಕ್ಕದ ಅಕ್ಷರದಲ್ಲಿ ಒಂದು ಪ್ರಕಟಣೆ: ಇಂಥ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ, ಕೈಗಾರಿಕೆಯಿಂದ ವಸತಿಗೆ, ಆಕ್ಷೇಪಣೆ ಇದ್ದವರು ನಿಗದಿತ ದಿನದೊಳಗೆ ಸಲ್ಲಿಸತಕ್ಕದ್ದು. ಆಕ್ಷೇಪಣೆ ಹಾಕಬೇಕಾದ ಫಿಟ್ಟರು ಆ ಹೊತ್ತಿಗೆ ಓವರ್‌ಟೈಮಿನಲ್ಲಿರುತ್ತಾನೆ. ಅಂದಹಾಗೆ ಈ ಬದಲಾವಣೆಗಳೆಲ್ಲ ಆಗುತ್ತಿರುವುದು ಯಾವ ಮಾಸ್ಟರ್ ಪ್ಲಾನಿಗೆ? 2007ರಲ್ಲಿ ಒಪ್ಪಿಗೆಯಾಗಿ 2015ಕ್ಕೆ ಅವಧಿ ಮುಗಿದದ್ದಕ್ಕೆ. 2031ರದೆಂದು ಇನ್ನೊಂದು ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಅವಧಿ ಮುಗಿದ ಔಷಧ ಮಾರಿದರೆ ಲೈಸೆನ್ಸ್ ಹೋಗುತ್ತದೆ. ಅವಧಿ ಮುಗಿದ ನಕ್ಷೆಯಿಂದ ಒಂದು ಮಹಾನಗರವನ್ನೇ ನಡೆಸಬಹುದು.

ಇಷ್ಟಾದರೂ ಕೈಗಾರಿಕೆ ಬೇಡವೆಂದು ಯಾರೂ ಅನ್ನುವುದಿಲ್ಲ. ಹೂಡಿಕೆದಾರರಿಗೆ ನಾವು ರತ್ನಗಂಬಳಿ ಹಾಸಿ ಕಾಯುತ್ತೇವೆ. 2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆದು 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂತು. ಅದೇ ಹೊತ್ತಿಗೆ ಬಂದ ಹೊಸ ಕೈಗಾರಿಕಾ ನೀತಿ 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಒಳ್ಳೆಯದೇ. ಆದರೆ ಬಂದವರು ಕಾಫಿ ಕುಡಿದು "ಜಾಗ ಎಲ್ಲಿ?" ಎಂದು ಕೇಳುತ್ತಾರಲ್ಲ, ಆಗ ನಮ್ಮ ಬೆರಳು ಹೋಗುವುದು ನಕ್ಷೆಯ ಇನ್ನೊಂದು ಬಣ್ಣದ ಮೇಲೆ. ಹಸಿರು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆಯ ಮೇಲೆ ಬೆರಳಿಟ್ಟದ್ದು ಹೀಗೆಯೇ. ರಾಗಿ, ದ್ರಾಕ್ಷಿ, ಹೂವು, ರೇಷ್ಮೆ ಬೆಳೆಯುವ ನೆಲ. ರೈತರು 2022ರಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿದರೂ ಏಳಲಿಲ್ಲ. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಹೇಳಬೇಕಾಯಿತು. ಮಾತು ಮುಗಿಯುವುದರೊಳಗೆ ಆಂಧ್ರದ ಸಚಿವ ನಾರಾ ಲೋಕೇಶ್ "ನಮ್ಮಲ್ಲಿಗೆ ಬನ್ನಿ, ಜಾಗ ಸಿದ್ಧವಿದೆ" ಎಂಬರ್ಥದಲ್ಲಿ ಏರೋಸ್ಪೇಸಿನವರನ್ನು ಕರೆದರು. ಆಗ ನಮ್ಮ ಟೀವಿಯಲ್ಲಿ ನಡೆದ ಚರ್ಚೆಯೆಲ್ಲ ರೈತನೋ ಉದ್ಯೋಗವೋ ಎಂಬುದರ ಮೇಲೆ. ರೈತನನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ, ನಿರುದ್ಯೋಗಿ ಹುಡುಗನನ್ನು ಇನ್ನೊಂದರಲ್ಲಿ ಕೂರಿಸಿ ತೂಗಿದ್ದೇ ತೂಗಿದ್ದು. ತಕ್ಕಡಿ ಹಿಡಿದ ಕೈ ಮಾತ್ರ ಕ್ಯಾಮೆರಾಕ್ಕೆ ಕಾಣಲಿಲ್ಲ. ಊರೊಳಗಿನ ನೇರಳೆಯನ್ನು ಹಳದಿ ಮಾಡಿಕೊಂಡು ತಿಂದವರು ಯಾರು ಎಂದು ಯಾವ ನಿರೂಪಕರೂ ಕಿರುಚಲಿಲ್ಲ.

ಲೆಕ್ಕ ಇಷ್ಟೇ. ನಗರದಲ್ಲಿ ನೇರಳೆ ಹಳದಿಯಾದಷ್ಟೂ ಹೊರಗೆ ಹಸಿರು ನೇರಳೆಯಾಗಬೇಕು. ಸ್ವಲ್ಪ ವರ್ಷ ಕಳೆದರೆ ಆ ಹೊಸ ನೇರಳೆಯ ಸುತ್ತಲೂ "ವಿಮಾನ ನಿಲ್ದಾಣದಿಂದ ಹದಿನೈದೇ ನಿಮಿಷ" ಎಂಬ ಬೋರ್ಡುಗಳು ಏಳುತ್ತವೆ, ಅದೂ ಹಳದಿಯಾಗುತ್ತದೆ. ಆಗ ಇನ್ನೂ ಆಚೆಯ ಹಸಿರು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ರೈತನಿಂದ ಬಲವಂತವಾಗಿ ಭೂಮಿ ಪಡೆಯುವುದು ಕೈಗಾರಿಕೆ ಎಂಬ ಸಾರ್ವಜನಿಕ ಉದ್ದೇಶಕ್ಕೆ. ಎರಡನೇ ತಲೆಮಾರಿನಲ್ಲಿ ಅದೇ ಸಾರ್ವಜನಿಕ ಉದ್ದೇಶ ಈಜುಕೊಳವಿರುವ ಮೂರು ಬೆಡ್‌ರೂಮ್ ಆಗಿಬಿಟ್ಟಿರುತ್ತದೆ. ಅಜ್ಜನ ಹೊಲದ ಮೇಲೆ ಎದ್ದ ಫ್ಲ್ಯಾಟಿಗೆ ಮೊಮ್ಮಗ ಊಟದ ಪಾರ್ಸಲ್ ತಲುಪಿಸಲು ಹೋದರೆ ಅವನನ್ನು ಸರ್ವಿಸ್ ಲಿಫ್ಟಿಗೆ ಕಳಿಸುತ್ತಾರೆ. ಇದನ್ನೂ ಉದ್ಯೋಗ ಸೃಷ್ಟಿ ಎಂದೇ ಲೆಕ್ಕ ಹಾಕಿ.

"ಹಾಗಾದರೆ ಊರ ಮಧ್ಯೆ ಹೊಗೆ, ವಿಷ, ಸದ್ದು ಇರಲಿ ಅನ್ನುತ್ತೀರಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸುಳ್ಳಲ್ಲ. ಪ್ಲೇಟಿಂಗ್ ನೀರನ್ನು ರಾತ್ರೋರಾತ್ರಿ ಚರಂಡಿಗೆ ಬಿಡುವವರನ್ನು ಈ ಲೇಖನ ಪದ್ಮಶ್ರೀಗೆ ಶಿಫಾರಸು ಮಾಡುತ್ತಿಲ್ಲ. ಆದರೆ ವಿಷಕ್ಕೆ ಮದ್ದು ಶುದ್ಧೀಕರಣ ಘಟಕ ಮತ್ತು ಲಂಚ ಮುಟ್ಟದ ಇನ್‌ಸ್ಪೆಕ್ಟರ್. ಘಟಕವೂ ಇಲ್ಲದ, ಇನ್‌ಸ್ಪೆಕ್ಟರ್ ದಾರಿಯನ್ನೂ ಅರಿಯದ ಹಳ್ಳಿಗೆ ಅದೇ ತೊಟ್ಟಿಯನ್ನು ಸಾಗಿಸುವುದು ಪರಿಸರ ಪ್ರೇಮವಲ್ಲ, ಕಸವನ್ನು ಪಕ್ಕದ ಸೈಟಿಗೆ ಎಸೆಯುವ ನಮ್ಮ ಹಳೆಯ ಅಭ್ಯಾಸ. ಎರಡು ದಶಕ ಬೀಗ ಜಡಿದು ಗಿಡ ಬೆಳೆಸಿಕೊಂಡು ಕೂತ ಕಾರ್ಖಾನೆಯೂ ಕೈಗಾರಿಕೆಯಲ್ಲ ಎಂಬುದನ್ನು ಒಪ್ಪೋಣ. 2002ರಲ್ಲಿ ಮುಚ್ಚಿದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯ ಜಾಗದಲ್ಲಿ ಮರಗಳ ಉದ್ಯಾನ ಮಾಡುವ ಯೋಜನೆಗೆ ನನ್ನ ತಕರಾರಿಲ್ಲ, ಮರಗಳು ಕಡೇಪಕ್ಷ ನೆರೆಯವರ ಮೇಲೆ ಕಂಪ್ಲೇಂಟ್ ಹಾಕುವುದಿಲ್ಲ. "ಈಗ ಐಟಿ ಕಾಲ, ಶೆಡ್ಡು ಯಾಕೆ?" ಎನ್ನುವವರಿಗೂ ಒಂದು ಮಾತು: ಎಲೆಕ್ಟ್ರಾನಿಕ್ ಸಿಟಿ ಎಂಬುದು ಆಕಾಶದಿಂದ ಉದುರಿದ್ದಲ್ಲ. ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, 1970ರ ದಶಕದ ಕೊನೆಗೆ 332 ಎಕರೆಯನ್ನು ಎಲೆಕ್ಟ್ರಾನಿಕ್ಸ್ ಕೈಗಾರಿಕೆಗೆಂದೇ ಎತ್ತಿಟ್ಟಿತು. ಅವತ್ತು ಅಲ್ಲಿ ಸೈಟು ಹಂಚಿದ್ದರೆ ಇವತ್ತು ನಿಮ್ಮ ಫ್ಲ್ಯಾಟಿನ ಕಂತು ಕಟ್ಟುವವರು ಯಾರು?

ಈ ಕಲೆಯಲ್ಲಿ ನಾವೊಬ್ಬರೇ ನಿಪುಣರಲ್ಲ ಎಂಬುದು ಸಮಾಧಾನ. ಮುಂಬಯಿಯಲ್ಲಿ ಬಟ್ಟೆ ಗಿರಣಿಗಳ ಜಮೀನಿಗೆ 1991ರಲ್ಲಿ ಒಂದು ನಿಯಮ ಬಂತು: ಮಾರುವುದಾದರೆ ಮೂರರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಅದಕ್ಕೆ ಸಣ್ಣ ತಿದ್ದುಪಡಿ: ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ. ಗಿರಣಿ ಎಂದ ಮೇಲೆ ನೆಲದ ತುಂಬ ಕಟ್ಟಡವೇ ಇರುತ್ತದಲ್ಲ! 2006ರಲ್ಲಿ ಸುಪ್ರೀಂ ಕೋರ್ಟೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅತ್ತ ಷಿಕಾಗೊ ನಗರದವರು 1988ರಲ್ಲೇ ಕ್ಲೈಬರ್ನ್ ಎಂಬಲ್ಲಿ ಕಾರ್ಖಾನೆಗಳಿಗೆಂದೇ ಜಾಗ ಕಾದಿರಿಸಿ, ಮನೆ-ಮಾಲು ಇಲ್ಲಿ ಬರಕೂಡದು ಎಂದು ಕಾನೂನು ಮಾಡಿದ್ದರು. 2017ರಲ್ಲಿ ಅವರಿಗೂ ಬುದ್ಧಿ ಬಂದು ಅಲ್ಲಿನ ಕಾವಲು ತೆಗೆದರು. 2019ರಲ್ಲಿ ಲಿಂಕನ್ ಯಾರ್ಡ್ಸ್ ಎಂಬ 6 ಶತಕೋಟಿ ಡಾಲರಿನ ಗಗನಚುಂಬಿ ಕನಸಿಗೆ ಒಪ್ಪಿಗೆ ಸಿಕ್ಕಿತು. ಆಮೇಲಿನ ಆರು ವರ್ಷದಲ್ಲಿ ಅಲ್ಲಿ ಬಹುಪಾಲು ಬೆಳೆದದ್ದು ಹುಲ್ಲು. ಅಲ್ಲಿದ್ದ ಉಕ್ಕಿನ ಕಾರ್ಖಾನೆ ಹೋಗಿತ್ತು, ಗೋಪುರ ಬಂದಿರಲಿಲ್ಲ. ಮಾಲನ್ನು ಒಡೆದು ಮತ್ತೆ ಕಾರ್ಖಾನೆ ಕಟ್ಟಿದವರನ್ನು ಮಾತ್ರ ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ. ಈ ರಸ್ತೆ ಎಲ್ಲ ಊರಿನಲ್ಲೂ ಒನ್ ವೇ.

ಮುಂದಿನ ಮಾಸ್ಟರ್ ಪ್ಲಾನ್ ತಯಾರಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ನೇರಳೆ ಅಳಿಸಬೇಡಿ ಎಂದು ನಾನು ಕೇಳುವುದಿಲ್ಲ. ಅಷ್ಟು ಅಪ್ರಾಯೋಗಿಕ ಮನುಷ್ಯ ನಾನಲ್ಲ. 14-ಎ ಪ್ರಕಟಣೆಯಲ್ಲಿ ಒಂದೇ ಒಂದು ಸಾಲು ಸೇರಿಸಿ. ನಗರದೊಳಗಿನ ಇಷ್ಟು ಎಕರೆ ಕೈಗಾರಿಕಾ ಜಮೀನು ವಸತಿಗೆ ಹೋಗುತ್ತಿದೆ ಎಂದು ಅಚ್ಚಾದ ಕಡೆಯೇ, ಇದಕ್ಕೆ ಬದಲಾಗಿ ಯಾವ ಹೋಬಳಿಯ ಯಾವ ಹಳ್ಳಿಯ ಯಾವ ಸರ್ವೆ ನಂಬರಿನ ರಾಗಿ ಹೊಲ ಕೈಗಾರಿಕೆಗೆ ಹೋಗಲಿದೆ ಎಂಬುದೂ ಅಚ್ಚಾಗಲಿ. ಆಕ್ಷೇಪಣೆ ಸಲ್ಲಿಸುವ ಅವಕಾಶ ಆ ಹೊಲದವರಿಗೂ ಇರಲಿ, ಆ ಶೆಡ್ಡಿನ ಫಿಟ್ಟರಿಗೂ ಇರಲಿ. ಇಬ್ಬರೂ ಒಂದೇ ಕಚೇರಿಯ ಒಂದೇ ಸಾಲಿನಲ್ಲಿ ನಿಂತು ಮಾತಿಗಿಳಿದರೆ, ರೈತನೋ ಉದ್ಯೋಗವೋ ಎಂಬ ಟೀವಿ ಚರ್ಚೆಗೆ ಅತಿಥಿಗಳ ಅಭಾವವಾದೀತು. ಒಂದು ಸಾಲು ಹೆಚ್ಚಾದರೆ ಜಾಹೀರಾತಿನ ಖರ್ಚೂ ಹೆಚ್ಚಾಗುತ್ತದೆ ಎಂದು ಅಧಿಕಾರಿಗಳು ಚಿಂತಿಸಬೇಕಾಗಿಲ್ಲ. ಬಿಲ್ಡರ್ ಕೊಡುತ್ತಾರೆ, ಇಲ್ಲಿಯವರೆಗಿನ ಖರ್ಚನ್ನೆಲ್ಲ ಕೊಟ್ಟವರು ಅವರೇ ಅಲ್ಲವೆ?